ಹಳೆಯ ವಾಲ್ವ್ ರಿಸೀವರಿನಲ್ಲಿ ಬಂದು ಹೋಗುವ ದೋಷವನ್ನು ಹಿಡಿಯುವ ಬಗೆ

ಪೂರ್ತಿ ಸತ್ತುಹೋದ ವಾಲ್ವ್ ರಿಸೀವರನ್ನು, ಅಂದರೆ ಟ್ರಾನ್ಸಿಸ್ಟರಿನ ಬದಲು ನಿರ್ವಾತ ಕೊಳವೆಗಳಿಂದ (ವಾಲ್ವುಗಳಿಂದ) ನಡೆಯುವ ಹಳೆಯ ರೇಡಿಯೋವನ್ನು, ರಿಪೇರಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ಮೀಟರಿನ ಕಡ್ಡಿ ಹಿಡಿದು ಪವರ್ ಸಪ್ಲೈಯಿಂದ ಸ್ಪೀಕರಿನವರೆಗೆ ಒಂದೊಂದೇ ಹಂತ ನೋಡುತ್ತ ಹೋದರೆ ಎಲ್ಲೋ ಒಂದು ಕಡೆ ವೋಲ್ಟೇಜ್ ತಪ್ಪಿರುತ್ತದೆ, ದೋಷವೂ ಅದರ ಆಸುಪಾಸಿನಲ್ಲೇ ಇರುತ್ತದೆ. ನಿಜವಾಗಿ ಕಾಡುವುದು ಇನ್ನೊಂದು ಬಗೆಯ ಸೆಟ್ಟು. ಅದು ಮುಕ್ಕಾಲು ಗಂಟೆ ಚೆನ್ನಾಗಿ ಹಾಡುತ್ತದೆ, 40 ಮೀಟರ್ ಬ್ಯಾಂಡಿನಲ್ಲಿ ದೂರದ ಹ್ಯಾಮ್ (ಹವ್ಯಾಸಿ ರೇಡಿಯೋ ಬಳಕೆದಾರ) ಒಬ್ಬರು ತಮ್ಮ ಕಾಲ್‌ಸೈನ್ ಹೇಳುವ ಹೊತ್ತಿಗೆ ಸರಿಯಾಗಿ ಮಂಕಾಗುತ್ತದೆ, ಬೆನ್ನಿಗೆ ಒಂದು ಏಟು ಕೊಟ್ಟರೆ ಎದ್ದು ಕೂರುತ್ತದೆ, ಪೆಟ್ಟಿಗೆಯಿಂದ ಹೊರತೆಗೆದು ಮೇಜಿನ ಮೇಲೆ ಮಲಗಿಸಿದರೆ ನಾಲ್ಕು ದಿನ ಯಾವ ತಂಟೆಯೂ ಇಲ್ಲದಂತೆ ನಡೆದುಕೊಳ್ಳುತ್ತದೆ. ಬಳ್ಳಾರಿಯ ನನ್ನ ಮೇಜಿನ ಮೇಲೆ ಇಂಥ ಸೆಟ್ಟುಗಳು ಬಂದುಹೋಗುತ್ತಲೇ ಇರುವುದರಿಂದ, ಅವುಗಳ ದೋಷವನ್ನು ಹಿಡಿಯಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ರಾಯಚೂರಿನಲ್ಲಿ ವಾಲ್ವ್ ರೇಡಿಯೋ ಕಾಲದಿಂದಲೂ ರಿಪೇರಿ ಮಾಡಿಕೊಂಡು ಬಂದಿದ್ದ ಹಿರಿಯರೊಬ್ಬರು ನನಗೆ ಹೇಳಿದ ಮೊದಲ ಮಾತು ಇದು: “ಅದು ಸತ್ತಾಗ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಬದುಕ್ತೈತಿ, ಬದುಕಿದ್ರ ಕಳ್ಳ ಕೈಗೆ ಸಿಗಂಗಿಲ್ಲ.” ಇದರ ಹಿಂದೆ ಸರಳವಾದ ಕಾರಣವಿದೆ. ಸೆಟ್ಟು ಮಂಕಾದ ಮೇಲೆ ಮೀಟರಿನ ಕಡ್ಡಿಯನ್ನು ಯಾವುದಾದರೂ ವಾಲ್ವಿನ ಪ್ಲೇಟಿಗೋ ಸ್ಕ್ರೀನಿಗೋ (ಹೆಚ್ಚು ವೋಲ್ಟೇಜ್ ಇರುವ ಕಾಲುಗಳಿಗೆ) ತಾಗಿಸಿದರೆ ಆ ಕ್ಷಣದಲ್ಲಿ ಒಂದು ಸಣ್ಣ ಧಕ್ಕೆ ಹರಿಯುತ್ತದೆ. ಬಿರುಕು ಬಿಟ್ಟ ಬೆಸುಗೆಗೂ ಒಳಗೆ ಸಡಿಲಗೊಂಡ ಕಂಡೆನ್ಸರಿಗೂ (ಕೆಪ್ಯಾಸಿಟರಿಗೂ) ತಾತ್ಕಾಲಿಕವಾಗಿ ಕೂಡಿಕೊಳ್ಳಲು ಅಷ್ಟೇ ಸಾಕು. ಆದ್ದರಿಂದ ಮೀಟರುಗಳನ್ನು ಸೆಟ್ಟು ಚಾಲೂ ಮಾಡುವ ಮೊದಲೇ ಕ್ಲಿಪ್ ಹಾಕಿ ಜೋಡಿಸಿಡಬೇಕು, ಆಮೇಲೆ ಕೈ ಕಟ್ಟಿ ಕೂತು ಕಾಯಬೇಕು. ಎರಡು ಮೀಟರುಗಳಿದ್ದರೆ ಒಳ್ಳೆಯದು, ಮೂರಿದ್ದರೆ ಇನ್ನೂ ಒಳ್ಳೆಯದು. ಈಗ ಸಿಗುವ ಅಗ್ಗದ ಡಿಜಿಟಲ್ ಮೀಟರುಗಳು ಈ ಕೆಲಸಕ್ಕೆ ಧಾರಾಳವಾಗಿ ಸಾಕಾಗುತ್ತವೆ.

ಕೈ ಹಾಕುವ ಮುಂಚೆ ಜೀವದ ಮಾತು. ಈ ಸೆಟ್ಟುಗಳಲ್ಲಿ 250ರಿಂದ 300 ವೋಲ್ಟ್ ಡಿಸಿ ಓಡಾಡುತ್ತಿರುತ್ತದೆ, ಸ್ವಿಚ್ ತೆಗೆದ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ ಕೆಲಕಾಲ ಉಳಿದಿರುತ್ತದೆ. 10 ಕಿಲೋ ಓಮ್‌ನ, 2 ವ್ಯಾಟ್ ಅಥವಾ ಅದಕ್ಕಿಂತ ದಪ್ಪದ ಒಂದು ರೆಸಿಸ್ಟರಿಗೆ ಎರಡೂ ಕಡೆ ಚೆನ್ನಾಗಿ ಹೊದಿಕೆಯಿರುವ ಕ್ಲಿಪ್ ಬೆಸೆದು ಇಟ್ಟುಕೊಳ್ಳಿ. ಕಂಡೆನ್ಸರನ್ನು ಅದರಿಂದ ಬರಿದು ಮಾಡಿ, ಬರಿದಾದದ್ದನ್ನು ಮೀಟರಿನಿಂದ ಖಾತ್ರಿ ಮಾಡಿಕೊಂಡ ಮೇಲೆಯೇ ಬೆರಳು ಒಳಗೆ ಹೋಗಬೇಕು. ಚಾಲೂ ಇರುವ ಸೆಟ್ಟಿನಲ್ಲಿ ಒಂದೇ ಕೈ ಕೆಲಸ ಮಾಡಲಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟುಗಳಲ್ಲಿ, ಉದಾಹರಣೆಗೆ ಹ್ಯಾಲಿಕ್ರಾಫ್ಟರ್ಸ್ ಎಸ್-38ರಲ್ಲಿ, ಚಾಸಿಗೇ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಗೇ) ಮೇನ್ಸ್ ಬರುವ ಸಾಧ್ಯತೆ ಇರುವುದರಿಂದ, ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥವನ್ನು ಬಿಚ್ಚಲೇಬಾರದು. ಅಮೆರಿಕದಿಂದ ಬಂದ ಹಲವು ಸೆಟ್ಟುಗಳು 115 ವೋಲ್ಟಿನವು. ನಮ್ಮ 230 ವೋಲ್ಟಿಗೆ ಅವನ್ನು ನೇರವಾಗಿ ಚುಚ್ಚಿದರೆ ಈ ಬರಹದ ಅಗತ್ಯವೇ ಉಳಿಯುವುದಿಲ್ಲ.

ದೋಷ ಸೆಟ್ಟಿನ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಶಾರ್ಟ್‌ವೇವ್ ಸಂಕೇತ ತಾನಾಗಿಯೇ ಏರಿಳಿಯುತ್ತದೆ. ಮೇ ತಿಂಗಳಲ್ಲಿ ಅಡ್ಡಮಳೆಯ ಮೋಡ ಕವಿದರೆ ಕರಕರ ಸದ್ದು ಆಕಾಶದಿಂದಲೇ ಇಳಿಯುತ್ತದೆ. ನಮ್ಮ ಓಣಿಯಲ್ಲಿರುವ ಜೀನ್ಸ್ ಹೊಲಿಗೆಯ ಶೆಡ್ಡಿನ ಯಂತ್ರಗಳು ಶುರುವಾದರೆ ಸಂಕೇತದ ಬಲ ತೋರಿಸುವ ನನ್ನ ಎಸ್-ಮೀಟರಿನ ಮುಳ್ಳು ತಾನೇ ಮೇಲೇಳುತ್ತದೆ. ಆಂಟೆನಾ ಬಿಚ್ಚಿ, ಆಂಟೆನಾ ಮತ್ತು ಅರ್ತ್ ತಿರುಪುಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ. ಆಗಲೂ ಕರಕರ ನಿಲ್ಲದಿದ್ದರೆ ಅದು ಬಹುತೇಕ ಸೆಟ್ಟಿನದು. ಒಳಗಿಂದ ಕೈಕೊಡುವ ಸದ್ದನ್ನು ಪರೀಕ್ಷಿಸಲು ಏರಿಳಿಯದ ಸಂಕೇತ ಬೇಕು. ಸಿಗ್ನಲ್ ಜನರೇಟರ್ ಇದ್ದರೆ ಸರಿ, ಇಲ್ಲದಿದ್ದರೆ ಹಗಲು ಹೊತ್ತಿನಲ್ಲಿ ಕೇಳುವ ಮಧ್ಯಮ ತರಂಗದ ಯಾವುದಾದರೂ ಬಲವಾದ ಆಕಾಶವಾಣಿ ಕೇಂದ್ರವೇ ಆದೀತು. ರಾತ್ರಿ ಬೇಡ, ಆಗ ಮಧ್ಯಮ ತರಂಗವೂ ಏರಿಳಿಯುತ್ತದೆ.

ಕಿವಿ ಮತ್ತು ಮುಳ್ಳು

ಕಾಯುವಾಗ ಒಂದು ಚೀಟಿಯಲ್ಲಿ ಮೂರು ಸಂಗತಿಗಳನ್ನು ಬರೆದುಕೊಳ್ಳಿ: ಚಾಲೂ ಮಾಡಿ ಎಷ್ಟು ನಿಮಿಷಕ್ಕೆ ಕೈಕೊಟ್ಟಿತು, ಸದ್ದು ಟಕ್ಕನೆ ಹೋಯಿತೋ ನಿಧಾನವಾಗಿ ಕರಗಿತೋ, ಆಗ ಎಸ್-ಮೀಟರಿನ ಮುಳ್ಳು ಏನು ಮಾಡಿತು. ಸದ್ದು ಹೋಗಿಯೂ ಮುಳ್ಳು ಇದ್ದಲ್ಲೇ ಇದ್ದರೆ ದೋಷ ಡಿಟೆಕ್ಟರಿನ (ರೇಡಿಯೋ ಸಂಕೇತದಿಂದ ಸದ್ದನ್ನು ಬೇರ್ಪಡಿಸುವ ಹಂತದ) ನಂತರ, ಅಂದರೆ ವಾಲ್ಯೂಮ್ ಕಂಟ್ರೋಲಿನಿಂದ ಸ್ಪೀಕರಿನವರೆಗಿನ ಭಾಗದಲ್ಲಿದೆ. ಸದ್ದಿನ ಜೊತೆಗೆ ಮುಳ್ಳೂ ಬಿದ್ದರೆ ದೋಷ ಡಿಟೆಕ್ಟರಿಗೂ ಮುಂಚೆ ಇದೆ. ಸದ್ದು ಕುಗ್ಗಿ ಮುಳ್ಳು ಮೇಲೆ ಹಾರಿದರೆ ಎವಿಸಿ (ಸಂಕೇತದ ಬಲಕ್ಕೆ ತಕ್ಕಂತೆ ಸೆಟ್ಟಿನ ವರ್ಧನೆಯನ್ನು ತಾನೇ ಹೊಂದಿಸುವ ವ್ಯವಸ್ಥೆ) ತಂತಿಯನ್ನೂ ಮೀಟರಿನ ಬ್ರಿಡ್ಜನ್ನೂ ಶಂಕಿಸಬೇಕು. ಒಂದೂ ಸ್ಕ್ರೂ ಬಿಚ್ಚದೆ ಸೆಟ್ಟಿನ ಅರ್ಧ ಭಾಗವನ್ನು ಶಂಕೆಯಿಂದ ಹೊರಗಿಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಮುಂಚಿನ ಅರ್ಧದಲ್ಲಿ ದೋಷ ಇದೆಯೆಂದಾದರೆ ಪಕ್ಕದಲ್ಲಿ ಇನ್ನೊಂದು ಶಾರ್ಟ್‌ವೇವ್ ರೇಡಿಯೋ ಇಟ್ಟುಕೊಳ್ಳಿ. ಸೆಟ್ಟಿನೊಳಗಿನ ಲೋಕಲ್ ಆಸಿಲೇಟರ್ ತಾನೇ ಒಂದು ತರಂಗವನ್ನು ಹುಟ್ಟಿಸುತ್ತದೆ; ಮಿಕ್ಸರ್ ಅದನ್ನು ಬಂದ ಸಂಕೇತದೊಂದಿಗೆ ಬೆರೆಸಿ ಐಎಫ್ ಎಂಬ ನಿಗದಿತ ಆವರ್ತನಕ್ಕೆ ತರುತ್ತದೆ. ಹಳೆಯ ಸೆಟ್ಟಿನ ಐಎಫ್ 455 ಕಿಲೋಹರ್ಟ್ಸ್ ಆಗಿದ್ದು, ಲೋಕಲ್ ಆಸಿಲೇಟರ್ ಸಂಕೇತಕ್ಕಿಂತ ಮೇಲೆ ಓಡುವಂಥದಾಗಿದ್ದರೆ, 7.100 ಮೆಗಾಹರ್ಟ್ಸಿಗೆ ಟ್ಯೂನ್ ಮಾಡಿದಾಗ ಆ ಆಸಿಲೇಟರ್ 7.555 ಮೆಗಾಹರ್ಟ್ಸಿನಲ್ಲಿರುತ್ತದೆ, ಎರಡನೆಯ ರೇಡಿಯೋದ ಆಂಟೆನಾವನ್ನು ಹತ್ತಿರ ತಂದರೆ ಅದು ಅಲ್ಲಿ ಖಾಲಿ ವಾಹಕ ತರಂಗವಾಗಿ ಕೇಳುತ್ತದೆ. ಎಲ್ಲ ಸೆಟ್ಟುಗಳದ್ದೂ 455 ಅಲ್ಲ ಎಂಬುದು ನೆನಪಿರಲಿ: ಯುದ್ಧಕಾಲದ ವಿಮಾನಗಳ ಬಿಸಿ-348ರಲ್ಲಿ 915 ಕಿಲೋಹರ್ಟ್ಸ್, ಬ್ರಿಟಿಷ್ ಆರ್-1155ರಲ್ಲಿ 560. ಹಳೆಯ ಸೆಟ್ಟು ಸತ್ತ ಕ್ಷಣದಲ್ಲಿ ಆ ವಾಹಕವೂ ಮಾಯವಾದರೆ ಆಸಿಲೇಟರ್ ನಿಂತಿದೆ. ಜಾಗ ಬದಲಿಸಿದರೆ ಆಸಿಲೇಟರಿನ ಯಾವುದೋ ಕಂಡೆನ್ಸರ್, ಟ್ರಿಮ್ಮರ್ ಅಥವಾ ಬ್ಯಾಂಡ್ ಸ್ವಿಚ್ಚಿನ ಸಂಪರ್ಕ ಜಿಗಿದಿದೆ. ಅಲುಗದೆ ಅಲ್ಲೇ ಇದ್ದರೆ ಆಸಿಲೇಟರನ್ನು ಬಿಟ್ಟು ಆರ್‌ಎಫ್ (ಆಂಟೆನಾ ಕಡೆಯ ವರ್ಧಕ ಹಂತ), ಮಿಕ್ಸರ್ ಮತ್ತು ಐಎಫ್ ಕಡೆಗೆ ಹೋಗಬಹುದು.

ಇದನ್ನು ಒಂದು ನಿಜವಾದ ಪ್ರಕರಣದಲ್ಲಿ ಹೇಳುತ್ತೇನೆ. ಲೋಹದ ವಾಲ್ವುಗಳಿದ್ದ ಒಂದು ಅಮೆರಿಕನ್ ಸೆಟ್ಟು ನನ್ನಲ್ಲಿ ಏಪ್ರಿಲ್ ತಿಂಗಳಿಡೀ ಸುಮಾರು ನಲವತ್ತು ನಿಮಿಷಕ್ಕೊಮ್ಮೆ ಮಂಕಾಗುತ್ತಿತ್ತು. ಮುಳ್ಳೂ ಬೀಳುತ್ತಿತ್ತು, ಆಸಿಲೇಟರ್ ಮಾತ್ರ ಪಕ್ಕದ ರೇಡಿಯೋದಲ್ಲಿ ಗಟ್ಟಿಯಾಗಿ ಕೇಳುತ್ತಲೇ ಇತ್ತು. ಮೊದಲ ಐಎಫ್ ಹಂತದ 6ಎಸ್‌ಕೆ7 ವಾಲ್ವಿನ ಕ್ಯಾಥೋಡಿಗೆ ಒಂದು ಮೀಟರ್, ಸ್ಕ್ರೀನಿಗೆ ಇನ್ನೊಂದು ಮೀಟರ್ ಕಟ್ಟಿ ಕೂತೆ. ವಾಲ್ವಿನಲ್ಲಿ ಹೀಟರ್ ಕ್ಯಾಥೋಡನ್ನು ಕಾಯಿಸುತ್ತದೆ, ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಪ್ಲೇಟಿಗೂ ಸ್ಕ್ರೀನಿಗೂ ಹರಿಯುತ್ತವೆ. ಈ ವಾಲ್ವು ಪ್ಲೇಟಿನಲ್ಲಿ 250 ಮತ್ತು ಸ್ಕ್ರೀನಿನಲ್ಲಿ 100 ವೋಲ್ಟಿಗೆ ಪ್ಲೇಟಿನಿಂದ ಸುಮಾರು 9.2, ಸ್ಕ್ರೀನಿನಿಂದ 2.6 ಮಿಲಿಆಂಪಿಯರ್ ಎಳೆಯುತ್ತದೆ. ಎರಡೂ ಸೇರಿ 250 ಓಮ್‌ನ ಕ್ಯಾಥೋಡ್ ರೆಸಿಸ್ಟರಿನಲ್ಲಿ ಹರಿದರೆ ಹತ್ತಿರ ಹತ್ತಿರ 3 ವೋಲ್ಟ್ ಬರಬೇಕು, ಬರುತ್ತಲೂ ಇತ್ತು. ಮೂವತ್ತೆಂಟನೆಯ ನಿಮಿಷಕ್ಕೆ ಸದ್ದು ಟಕ್ಕನೆ ಹೋಗಲಿಲ್ಲ, ಎಣ್ಣೆ ತೀರಿದ ದೀಪದಂತೆ ಹತ್ತು ಹದಿನೈದು ಸೆಕೆಂಡುಗಳಲ್ಲಿ ಕರಗಿತು. ಅದೇ ವೇಗದಲ್ಲಿ ಕ್ಯಾಥೋಡಿನ 3 ವೋಲ್ಟ್ ಸೊನ್ನೆಯ ಕಡೆಗೆ ಇಳಿಯಿತು, ಸ್ಕ್ರೀನಿನ ವೋಲ್ಟೇಜ್ ಏರಿತು. ಅಂದರೆ ವಾಲ್ವು ಕರೆಂಟ್ ಎಳೆಯುವುದನ್ನೇ ನಿಲ್ಲಿಸಿತ್ತು, ಅದೂ ನಿಧಾನವಾಗಿ. ಹೀಗೆ ನಿಧಾನವಾಗಿ ಸಾಯುವುದು ಹೀಟರ್ ಆರಿದಾಗ. ಕ್ಯಾಥೋಡ್ ತಣ್ಣಗಾಗಲು ಅಷ್ಟು ಹೊತ್ತು ಬೇಕು. ಗಾಜಿನ ವಾಲ್ವಾಗಿದ್ದರೆ ಕೆಂಪು ಆರಿದ್ದು ಕಣ್ಣಿಗೇ ಕಾಣುತ್ತಿತ್ತು, ಲೋಹದ ವಾಲ್ವಿನಲ್ಲಿ ಆ ಅನುಕೂಲವಿಲ್ಲ.

ಮೂರನೆಯ ಮೀಟರನ್ನು ಎಸಿಗೆ ಇಟ್ಟು ಸಾಕೆಟ್ಟಿನ ಹೀಟರ್ ಕಾಲುಗಳಿಗೆ ಕಟ್ಟಿ ಮರುದಿನ ಮತ್ತೆ ಕಾದೆ. ಸದ್ದು ಕರಗಿದಾಗಲೂ 6.3 ವೋಲ್ಟ್ ಅಲ್ಲಿ ಬರುತ್ತಲೇ ಇತ್ತು. ಹಾಗಾದರೆ ಸಾಕೆಟ್ಟಿನವರೆಗೆ ಎಲ್ಲ ಸರಿ; ತುಂಡಾಗಿರುವುದು ಸಾಕೆಟ್ಟಿನ ಹಿಡಿತದಲ್ಲಿ, ವಾಲ್ವಿನ ಕಾಲಿನಲ್ಲಿ ಅಥವಾ ಹೀಟರಿನ ಒಳಗೆ. ಆಕ್ಟಲ್ (ಎಂಟು ಕಾಲಿನ ಬುಡದ) ವಾಲ್ವಿನ ಕಾಲುಗಳು ಟೊಳ್ಳು ಕೊಳವೆಗಳು. ಒಳಗಿನಿಂದ ಬಂದ ತಂತಿಯನ್ನು ತುದಿಯಲ್ಲಿ ಬೆಸುಗೆ ಹಾಕಿ ಹಿಡಿಸಿರುತ್ತಾರೆ, ದಶಕಗಳ ನಂತರ ಆ ಬೆಸುಗೆ ಬಿಸಿಗೆ ಬಾಯಿ ಬಿಡುತ್ತದೆ. ವಾಲ್ವನ್ನು ಕಿತ್ತು, ಕಾಲುಗಳು ಕೆಳಮುಖವಾಗಿರುವಂತೆ ಹಿಡಿದು, ಹೀಟರಿನ ಎರಡೂ ಕಾಲುಗಳ ತುದಿಗೆ ಚೂರು ಫ್ಲಕ್ಸ್ ಮುಟ್ಟಿಸಿ, ಕಾಯಿಸಿ, ಹೊಸ ಬೆಸುಗೆ ಕೊಟ್ಟೆ. ಹೆಚ್ಚಾದ ಸೀಸ ತೊಟ್ಟಾಗಿ ನಿಂತರೆ ಸಾಕೆಟ್ಟನ್ನು ಅಗಲ ಮಾಡಿ ಕೆಡಿಸುತ್ತದೆಂದು ಒರೆಸಿ ತೆಗೆದೆ. ಅಲ್ಲಿಗೆ ಒಂದು ತಿಂಗಳ ಕಾಟ ಐದು ನಿಮಿಷದ ಕೆಲಸದಲ್ಲಿ ಮುಗಿಯಿತು. ಆ ತಿಂಗಳಲ್ಲಿ ನಾನು ಪೆಟ್ಟಿಗೆಗೆ ಕೊಟ್ಟ ಏಟುಗಳಿಗೆ ಲೆಕ್ಕವಿಲ್ಲ; ಒಂದೊಂದು ಏಟಿಗೂ ಸೆಟ್ಟು ಸ್ವಲ್ಪ ತಡೆದು ಎದ್ದು ಕೂರುತ್ತಿತ್ತು. ಆ “ಸ್ವಲ್ಪ ತಡೆದು” ಎಂಬುದೇ ಹೀಟರಿನ ಗುರುತೆಂದು ಆಗ ಹೊಳೆಯಲಿಲ್ಲ.

ಬಿಸಿಯನ್ನು ಕೆಲಸಕ್ಕೆ ಹಚ್ಚುವುದು

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಇಂಥ ದೋಷಗಳನ್ನು ತಾನೇ ಹೊರಗೆಳೆಯುತ್ತದೆ, ಡಿಸೆಂಬರಿನಲ್ಲಿ ಅದೇ ಸೆಟ್ಟು ಸಾಧುವಾಗಿಬಿಡುತ್ತದೆ. ಚಳಿಗಾಲದಲ್ಲಿ ಹುಡುಕಬೇಕಾದರೆ ಸೆಟ್ಟಿನ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ ಒಳಗಿನ ಬಿಸಿ ಏರಲು ಬಿಡಿ. ರಟ್ಟು ವಾಲ್ವಿಗೆ ತಾಗದಿರಲಿ, ನೀವು ಜಾಗ ಬಿಟ್ಟು ಏಳದಿರಿ. ದೋಷ ಬಂದ ಮೇಲೆ ಪೆಟ್ಟಿಗೆ ತೆಗೆದು, ಕೂದಲು ಒಣಗಿಸುವ ಡ್ರೈಯರಿನ ಬಾಯಿಗೆ ಕಿರಿದಾದ ಕೊಳವೆ ಸಿಕ್ಕಿಸಿ ಒಂದೊಂದೇ ಭಾಗವನ್ನು ಕಾಯಿಸುವುದು, ಕ್ಯಾಮೆರಾ ಒರೆಸುವವರ ರಬ್ಬರ್ ಬುರುಡೆಯಿಂದ ಗಾಳಿ ಊದಿ ತಣಿಸುವುದು, ಹೀಗೆ ಮಾಡಿದರೆ ಯಾವ ಭಾಗಕ್ಕೆ ಸೆಟ್ಟು ಸ್ಪಂದಿಸುತ್ತದೆ ಎಂಬುದು ತಿಳಿಯುತ್ತದೆ. ಕಾದ ವಾಲ್ವಿನ ಗಾಜಿಗೆ ತಣ್ಣನೆಯ ಸ್ಪ್ರೇ ಹೊಡೆಯಬೇಡಿ, ಗಾಜು ಸೀಳುತ್ತದೆ.

ತಟ್ಟಿ ನೋಡುವುದೂ ಒಂದು ವಿದ್ಯೆಯೇ, ಆದರೆ ಅದು ಗುದ್ದುವುದಲ್ಲ. ನಾನು ಉರಿದು ಮುಗಿದ ಅಗರಬತ್ತಿಯ ಬಿದಿರುಕಡ್ಡಿ ಬಳಸುತ್ತೇನೆ. ಅದಕ್ಕೆ ಒಂದು ವಾಲ್ವಿನ ಕಾಲನ್ನೋ ಒಂದು ತಂತಿಯನ್ನೋ ಮಾತ್ರ ಅಲುಗಿಸುವಷ್ಟು ಬಲವಿದೆ, ಹೆಚ್ಚಿಲ್ಲ. ಪೆನ್ಸಿಲ್ ಖಂಡಿತ ಬೇಡ, ಅದರ ಸೀಸಕಡ್ಡಿಯಲ್ಲಿ ಕರೆಂಟ್ ಹರಿಯುತ್ತದೆ. ಇಡೀ ಚಾಸಿಯೇ ಒಂದು ತಮಟೆಯಂತೆ ಅಲುಗುವುದರಿಂದ ಎಲ್ಲಿ ತಟ್ಟಿದರೂ ಕರಕರ ಬರುವುದುಂಟು. ಎಲ್ಲಿ ಅತಿ ಮೆಲ್ಲಗೆ ತಟ್ಟಿದರೆ ಸಾಕಾಗುತ್ತದೆಯೋ ಆ ಜಾಗಕ್ಕೆ ಬರುವವರೆಗೆ ಬಲವನ್ನು ಕಡಿಮೆ ಮಾಡುತ್ತ ಹೋಗಬೇಕು.

ಮಂಕಾದಾಗ ಯಾವ ಡಿಸಿ ವೋಲ್ಟೇಜೂ ಬದಲಾಗದಿದ್ದರೆ ಅದೂ ಒಂದು ಸುಳಿವು. ಆಗ ದೋಷ ಸಂಕೇತ ಮಾತ್ರ ಹಾಯುವ ದಾರಿಯಲ್ಲಿದೆ: ಒಳಗೆ ತುಂಡಾದ ಬೈಪಾಸ್ (ಸಂಕೇತವನ್ನು ಚಾಸಿಗೆ ಇಳಿಸುವ) ಅಥವಾ ಕಪ್ಲಿಂಗ್ (ಸಂಕೇತವನ್ನು ಮುಂದಿನ ಹಂತಕ್ಕೆ ದಾಟಿಸುವ) ಕಂಡೆನ್ಸರ್, ಐಎಫ್ ಟ್ರಾನ್ಸ್‌ಫಾರ್ಮರಿನ ಲೋಹದ ಡಬ್ಬಿಯೊಳಗಿನ ಟ್ಯೂನಿಂಗ್ ಕಂಡೆನ್ಸರ್, ಕೂದಲಿನಂಥ ಸುರುಳಿ ತಂತಿಯ ಬೆಸುಗೆ. ಶಂಕೆಯ ಬೈಪಾಸ್ ಕಂಡೆನ್ಸರಿಗೆ ಇನ್ನೊಂದನ್ನು ಸಮಾನಾಂತರವಾಗಿ ತಾಗಿಸಿ ನೋಡುವ ರೂಢಿ ಎಲ್ಲರಲ್ಲೂ ಇದೆ. ಆದರೆ ಮೇಲೆ ಹೇಳಿದ ಧಕ್ಕೆಯಿಂದಾಗಿ ಅದು ಇಲ್ಲಿ ದಾರಿ ತಪ್ಪಿಸುತ್ತದೆ. ಮೊದಲೇ ಬೆಸೆದು ಬಿಟ್ಟು, ಎರಡು ದಿನ ಓಡಿಸಿ, ದೋಷ ಬರುತ್ತದೆಯೋ ಇಲ್ಲವೋ ನೋಡುವುದೇ ನಂಬಿಕೆಯ ಮಾರ್ಗ.

ಐಎಫ್ ಡಬ್ಬಿಯ ವಿಷಯಕ್ಕೆ ಬಂದರೆ, ತಳದಲ್ಲೇ ಬೆಳ್ಳಿ ಬಳಿದ ಅಭ್ರಕದ ಹಾಳೆಯನ್ನು ಕಂಡೆನ್ಸರಾಗಿ ಅಡಗಿಸಿಟ್ಟಿರುವ ಸಣ್ಣ ಟ್ರಾನ್ಸ್‌ಫಾರ್ಮರುಗಳ ಕಾಯಿಲೆ ಬೇರೆಯೇ. ಒಂದೇ ಹಾಳೆಯ ಮೇಲೆ ಪ್ಲೇಟ್ ಸುರುಳಿಯ ಹೆಚ್ಚಿನ ವೋಲ್ಟೇಜೂ ಗ್ರಿಡ್ (ವಾಲ್ವಿಗೆ ಸಂಕೇತ ಒಳಬರುವ ಕಾಲು) ಕಡೆಯ ಸುರುಳಿಯೂ ಅಕ್ಕಪಕ್ಕ ಇರುವುದರಿಂದ ತೇವ ಮತ್ತು ವೋಲ್ಟೇಜಿನ ಸಂಗದಲ್ಲಿ ಬೆಳ್ಳಿ ವರ್ಷಗಟ್ಟಲೆ ತೆವಳಿ ಎಳೆಗಳಾಗಿ ಹಬ್ಬುತ್ತದೆ. ಕೊನೆಗೆ ದೂರದ ಗುಡುಗಿನಂಥ ಕರಕರ ಶುರುವಾಗುತ್ತದೆ. ಆಂಟೆನಾ ಕಿತ್ತರೂ ಅದು ನಿಲ್ಲುವುದಿಲ್ಲ. ಪರೀಕ್ಷೆ ಹೀಗಿದೆ: ಸೆಟ್ಟನ್ನು ಆರಿಸಿ, ದ್ವಿತೀಯ (ಗ್ರಿಡ್ ಕಡೆಯ) ಸುರುಳಿಯ ಎರಡೂ ತುದಿಗಳನ್ನು ಸರ್ಕ್ಯೂಟಿನಿಂದ ಬಿಡಿಸಿ, ಮತ್ತೆ ಚಾಲೂ ಮಾಡಿ, ಆ ಸುರುಳಿಯಿಂದ ಚಾಸಿಗೆ ಡಿಜಿಟಲ್ ಮೀಟರಿನಲ್ಲಿ ಡಿಸಿ ಅಳೆಯಿರಿ. ಸೊನ್ನೆ ಬರಬೇಕಾದಲ್ಲಿ ಕುಣಿಯುವ ವೋಲ್ಟೇಜ್ ಕಂಡರೆ ಅಭ್ರಕದ ಹಾಳೆ ಸೋರುತ್ತಿದೆ. ಹಾಳೆಯನ್ನು ತೆಗೆದು ಎರಡೂ ಸುರುಳಿಗಳಿಗೆ ಬೇರೆ ಬೇರೆ ಕಂಡೆನ್ಸರ್ ಹಾಕಿ ಮತ್ತೆ ಅಲೈನ್ ಮಾಡುವುದೊಂದೇ (ಐಎಫ್ ಆವರ್ತನಕ್ಕೆ ಸರಿಹೊಂದಿಸುವುದೊಂದೇ) ಪರಿಹಾರ. ಕೂದಲೆಳೆಯ ತಂತಿಗಳಾದ್ದರಿಂದ ಒಳ್ಳೆಯ ಬೆಳಕಿನಲ್ಲಿ, ಫ್ಯಾನ್ ಆರಿಸಿ ಮಾಡಿ.

ಔಟ್‌ಪುಟ್ ಹಂತದಲ್ಲಿ ಬಿಸಿಯಾದಂತೆ ಸ್ವರ ಒಡೆಯುವುದಾದರೆ 6ವಿ6 ವಾಲ್ವಿನ ಗ್ರಿಡ್ಡನ್ನು ಅಳೆಯಿರಿ. ಕ್ಯಾಥೋಡ್ ಬಯಾಸಿನ (ಕ್ಯಾಥೋಡಿನಲ್ಲಿ ರೆಸಿಸ್ಟರ್ ಇರುವ) ಸರ್ಕ್ಯೂಟಿನಲ್ಲಿ ಅಲ್ಲಿ ಸೊನ್ನೆಯಿರಬೇಕು. ಪ್ಲಸ್ ಬಂದರೆ ಒಂದೆರಡು ಕ್ಷಣ ಮಾತ್ರ ವಾಲ್ವನ್ನು ಕಿತ್ತು ನೋಡಿ: ಪ್ಲಸ್ ಉಳಿದರೆ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿದೆ, ಹೋದರೆ ವಾಲ್ವೇ ಕೆಟ್ಟಿದೆ.

ತಾಗುವ ಜಾಗಗಳು

ಬ್ಯಾಂಡ್ ಸ್ವಿಚ್, ಸಾಕೆಟ್, ಗ್ಯಾಂಗ್ ಕಂಡೆನ್ಸರಿನ (ಕೇಂದ್ರ ಹುಡುಕಲು ತಿರುಗಿಸುವ ತಟ್ಟೆಗಳ ಕಂಡೆನ್ಸರಿನ) ಅರ್ತ್ ಸ್ಪ್ರಿಂಗ್, ಇವು ಬೇಗ ಹೇಳಿ ಮುಗಿಸಬಹುದಾದ, ಆದರೆ ಅತಿ ಹೆಚ್ಚು ತೊಂದರೆ ಕೊಡುವ ಜಾಗಗಳು. ಸ್ವಿಚ್ಚಿನ ಸಂಪರ್ಕಗಳಿಗೆ ಸೆಟ್ಟು ಆರಿಸಿ, ಐಸೋಪ್ರೊಪೈಲ್ ಆಲ್ಕೋಹಾಲನ್ನು ಸಣ್ಣ ಕುಂಚದಿಂದ ಮುಟ್ಟಿಸಿ ಹತ್ತಾರು ಸಲ ತಿರುಗಿಸಿ, ಪೂರ್ತಿ ಒಣಗಲು ಬಿಡಿ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆದರೆ ಸ್ವಿಚ್ಚಿನ ಸಂಪರ್ಕಗಳನ್ನು ಕೂರಿಸಿದ ಕಂದು ಹಲಗೆ ಅದನ್ನು ಹೀರಿಕೊಂಡು ಮುಂದೆ ಸೋರಲು ತೊಡಗುತ್ತದೆ. ಗ್ಯಾಂಗ್ ತಿರುಗಿಸುವಾಗ ಮಾತ್ರ ಕರಕರ ಬಂದರೆ ಹಿಂಭಾಗದ ಒರೆಸು-ಸ್ಪ್ರಿಂಗಿನ ಜಿಡ್ಡನ್ನು ತೆಗೆಯಿರಿ. ಚಾಸಿಗೆ ರಿವೆಟ್ ಹೊಡೆದ ಅರ್ತ್ ಲಗ್ಗುಗಳನ್ನು ಜನ ಮರೆಯುತ್ತಾರೆ. ರಿವೆಟ್ಟಿನ ಕೆಳಗೆ ಕಿಲುಬು ಕೂತರೆ ಮೀಟರಿನಲ್ಲಿ ಒಳ್ಳೆಯ ಅರ್ತ್ ತೋರಿಸಿ, ರೇಡಿಯೋ ಆವರ್ತನದಲ್ಲಿ ಕೈಕೊಡುತ್ತದೆ. ಪಕ್ಕದಲ್ಲೇ ಹೊಸ ಲಗ್ಗನ್ನು ನಟ್ಟು-ಬೋಲ್ಟ್ ಹಾಕಿ ಬಿಗಿದುಬಿಡುವುದು ಲೇಸು.

ಸಂಡೂರಿನ ಕಡೆಯ ಅದಿರಿನ ಧೂಳು ಕೂಡುವ ಊರುಗಳಲ್ಲಿ ಇನ್ನೊಂದು ವಿಶೇಷವಿದೆ. ಆ ಕೆಂಪು ಹುಡಿಯಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳೂ ಇದ್ದರೆ ಅವು ಸ್ಪೀಕರಿನ ಸುರುಳಿಯ ಸಂದಿಯಲ್ಲಿ ಕೂರುತ್ತವೆ. ಸದ್ದು ಒಮ್ಮೆ ಉಜ್ಜಿ ಒಮ್ಮೆ ಸರಿಹೋಗುವುದನ್ನು ಕೇಳಿ ನಾನು ಒಂದು ಸೆಟ್ಟಿನ ಆಡಿಯೋ ಭಾಗವನ್ನೆಲ್ಲ ಕೆದಕಿದ ಮೇಲೆ ದೋಷ ಸ್ಪೀಕರಿನದೆಂದು ತಿಳಿಯಿತು. ಮೊದಲೇ ಬೇರೊಂದು ಸ್ಪೀಕರ್ ಕಟ್ಟಿ ನೋಡಿದ್ದರೆ ಎರಡು ಸಂಜೆ ಉಳಿಯುತ್ತಿದ್ದವು. ಧೂಳನ್ನು ಮೆತ್ತನೆಯ ಕುಂಚದಿಂದ ಎಬ್ಬಿಸಿ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಕು. ಕಂಪ್ರೆಸರ್ ಗಾಳಿ ಹೊಡೆದರೆ ಅದು ಗ್ಯಾಂಗಿನ ತಟ್ಟೆಗಳ ನಡುವೆ ಹೋಗಿ ಸೇರುತ್ತದೆ. ಸ್ವಿಚ್ಚಿನ ಮೇಲೆ ಹಲ್ಲಿ ಹಿಕ್ಕೆ ಹಾಕಿದ್ದನ್ನೂ, ಐಎಫ್ ಡಬ್ಬಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನೂ ಕಂಡಿದ್ದೇನೆ.

ಇನ್ನೊಂದು ಶಂಕಿತ ಮೇನ್ಸ್. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಊರುಗಳಲ್ಲಿ ಪಂಪುಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಸಿದು, ಮುಪ್ಪಾದ ಆಸಿಲೇಟರ್ ವಾಲ್ವು ಮೇಲಿನ ಬ್ಯಾಂಡುಗಳಲ್ಲಿ ನಿಂತುಬಿಡಬಹುದು. ಪಂಪುಗಳು ನಿಂತ ಮೇಲೆ ತಾನೇ ಶುರುವಾಗುತ್ತದೆ. ಸೆಟ್ಟಿನಲ್ಲಿ ವೋಲ್ಟೇಜನ್ನು ಸ್ಥಿರವಾಗಿಡುವ ವಿಆರ್-150 ಗ್ಯಾಸ್ ವಾಲ್ವಿದ್ದರೆ ಅದರ ನೇರಳೆ ಬೆಳಕನ್ನು ಗಮನಿಸಿ. ವೋಲ್ಟೇಜ್ ತಗ್ಗಿದಾಗ ಅದು ಆರಿದರೆ ಆಸಿಲೇಟರಿನ ಆಸರೆ ತಪ್ಪಿ ಕೇಂದ್ರ ಜಾರುತ್ತದೆ. ಡಿಮ್ಮರ್‌ಸ್ಟಾಟಿನಿಂದ (ಮೇನ್ಸ್ ವೋಲ್ಟೇಜನ್ನು ಏರಿಳಿಸುವ ಟ್ರಾನ್ಸ್‌ಫಾರ್ಮರಿನಿಂದ) 230ನ್ನು 190ರವರೆಗೆ ಬೇಕೆಂತಲೇ ಇಳಿಸಿ ಇದನ್ನು ಹಗಲಿನಲ್ಲಿಯೇ ಪರೀಕ್ಷಿಸಬಹುದು.

ಹಳೆಯ ಕಾಗದದ ಕಂಡೆನ್ಸರುಗಳನ್ನೆಲ್ಲ ಒಂದೇ ಏಟಿಗೆ ಬದಲಾಯಿಸಿಬಿಡಿ ಎನ್ನುವವರಿದ್ದಾರೆ. ಔಟ್‌ಪುಟ್ ವಾಲ್ವಿನ ಕಪ್ಲಿಂಗ್ ಕಂಡೆನ್ಸರನ್ನೂ ಮುಪ್ಪಾದ ಫಿಲ್ಟರ್ ಕಂಡೆನ್ಸರುಗಳನ್ನೂ ಮೊದಲೇ ಬದಲಾಯಿಸುವುದನ್ನು ನಾನೂ ಒಪ್ಪುತ್ತೇನೆ, ಅವು ಕೆಟ್ಟರೆ ಟ್ರಾನ್ಸ್‌ಫಾರ್ಮರನ್ನೇ ಸುಡುತ್ತವೆ. ಉಳಿದವನ್ನು ದೋಷ ಸಿಕ್ಕ ಮೇಲೆ ಬದಲಾಯಿಸಿ. ಮೂವತ್ತು ಬೆಸುಗೆಗಳನ್ನು ಒಂದೇ ಸಂಜೆ ಬಿಚ್ಚಿ ಹಾಕಿದರೆ ಹಳೆಯ ದೋಷ ಅಲುಗಿ ಕೆಲಕಾಲ ಮರೆಯಾಗುತ್ತದೆ, ಜೊತೆಗೆ ನಮ್ಮ ಕೈಯಿಂದಲೇ ಒಂದೆರಡು ಹೊಸ ದೋಷಗಳು ಸೇರುತ್ತವೆ.

ದೋಷ ಸಿಕ್ಕಿತೆಂದು ಅನ್ನಿಸಿದ ಮೇಲೆ ಅದನ್ನು ಮತ್ತೆ ಬರಿಸಲು ಪ್ರಯತ್ನಿಸಿ. ನನ್ನ ಸೆಟ್ಟು ನಲವತ್ತು ನಿಮಿಷಕ್ಕೆ ಕೈಕೊಡುತ್ತಿದ್ದುದರಿಂದ ಬೆಸುಗೆಯ ನಂತರ ಮೂರು ದಿನ, ದಿನಕ್ಕೆ ನಾಲ್ಕು ಗಂಟೆಯಂತೆ ಮಧ್ಯಾಹ್ನದ ಬಿಸಿಯಲ್ಲಿಯೇ ಓಡಿಸಿದೆ. ಮೂರನೆಯ ದಿನ ಪೆಟ್ಟಿಗೆಯೊಳಗೆ ಸೇರಿಸಿ, ಎಲ್ಲ ಸ್ಕ್ರೂಗಳನ್ನೂ ಬಿಗಿದು ಓಡಿಸಿದೆ, ಏಕೆಂದರೆ ತೆರೆದ ಚಾಸಿ ಎಂದೂ ಪೆಟ್ಟಿಗೆಯೊಳಗಿನಷ್ಟು ಕಾಯುವುದಿಲ್ಲ, ಸ್ಕ್ರೂ ಬಿಗಿದಾಗ ಚಾಸಿ ಕೂದಲೆಳೆಯಷ್ಟು ಬಾಗುವುದೂ ಉಂಟು. ಕ್ಯಾಥೋಡಿನ ಮೀಟರಿನ ತಂತಿಗಳನ್ನು ಮಾತ್ರ ಹಿಂಬದಿಯ ತೂತಿನಿಂದ ಹೊರಗೆ ಎಳೆದು ಇನ್ನೂ ಒಂದು ವಾರ ಹಾಗೆಯೇ ಬಿಟ್ಟಿದ್ದೆ. ಮುಳ್ಳು 3 ವೋಲ್ಟಿನಿಂದ ಕದಲಲಿಲ್ಲ.